ಏಕನಾಥಮ್ಮನ ಹಾರುಬಿಲ್ಲೆಗಳು

ಸಾವಿರದ ಒಂಬೈನೂರ ಅರವತ್ತೊಂದರ ಅಕ್ಟೋಬರ್ ತಿಂಗಳು. ಭರಮಸಾಗರದ ಹತ್ತಿರ ದಾವಣಗೆರೆ ರಸ್ತೆಗೆ ಡಾಂಬರು ಹಾಕುವ ಕೆಲಸ ನಡೆದಿತ್ತು. ಡಾಂಬರು ಕಾಯಿಸುವ ಡ್ರಮ್ಮಿನ ಮುಂದೆ ನಿಲ್ಲುವವಳು ಏಕನಾಥಮ್ಮ. ಗಂಡ ಪಾಪಣ್ಣನಿಗೆ ಎಂಬತ್ತು ಕುರಿಗಳಿದ್ದವು, ಒಂದಿಷ್ಟು ಹೊಲವೂ ಇತ್ತು. ಆದರೆ ದಿನವೆಲ್ಲ ಕುರಿ ಹಿಂದೆ ನಡೆಯುವುದೆಂದರೆ ಏಕನಾಥಮ್ಮನಿಗೆ ಮೈ ಪರಚಿಕೊಳ್ಳುವಷ್ಟು ಬೇಜಾರು. ಬೆಂಕಿಯ ಕೆಲಸ ಅವಳಿಗೆ ಒಗ್ಗಿತ್ತು. ಏಳು ವರ್ಷದಿಂದ ಡಾಂಬರು ಕಲಕಿ ಕಲಕಿ, ಗುಳ್ಳೆ ಒಡೆಯುವ ಸದ್ದು ಕೇಳಿಯೇ ಅದು ಯಾವ ಹದಕ್ಕೆ ಬಂದಿದೆ ಎಂದು ಹೇಳುತ್ತಿದ್ದಳು.

ಒಂದು ದಿನ ಮಧ್ಯಾಹ್ನ ಚಿತ್ರದುರ್ಗದ ಕಡೆಯಿಂದ ಸೈಕಲ್ಲಿನಲ್ಲಿ ಒಬ್ಬರು ಬಂದು ಇಳಿದರು. ಸೈನ್ಯದ ಪಟಾಲಮ್ಮಿನಿಂದ ನಿವೃತ್ತರಾಗಿದ್ದ ಸುಬೇದಾರ್ ಗಂಗಾಧರಪ್ಪ. ಬಂದೂಕಿನ ಸದ್ದಿಗೆ ಅವರ ಒಂದು ಕಿವಿ ಮಂದವಾಗಿತ್ತು. ಹಾಗಾಗಿ ಎದುರಿಗೆ ನಿಂತವರ ಜೊತೆಗೂ ಕೆರೆಯ ಆಚೆ ದಡದವರನ್ನು ಕರೆಯುವಂತೆ ಕೂಗಿಯೇ ಮಾತಾಡುತ್ತಿದ್ದರು.

"ಮೇಸ್ತ್ರಿ! ನಂಗೊಂದು ಡಬ್ಬ ಡಾಂಬ್ರು ಬೇಕಿತ್ತು!"

ಮೇಸ್ತ್ರಿ ನಿಂಗಪ್ಪ ಬೆಚ್ಚಿಬಿದ್ದ. "ಮನೆ ಸೋರ್ತೈತೇನ್ರಿ?"

"ಮನೆಗಲ್ಲಪ್ಪ. ಹಕ್ಕಿ ಮಾಡಾಕೆ!"

ಕೆಲಸದವರೆಲ್ಲ ಸಲಿಕೆ ಬಿಟ್ಟು ಸುತ್ತ ನೆರೆದರು. ಸುಬೇದಾರರು ಚೀಲದಿಂದ ಅಂಗೈಯಗಲದ ಒಂದು ಕರೀ ಬಿಲ್ಲೆ ತೆಗೆದು ತೋರಿಸಿದರು. ಕೋಟೆಯ ಹಿಂದಿನ ಬಯಲಲ್ಲಿ ಅವರೊಂದು ಬಂದೂಕಿನ ಕ್ಲಬ್ಬು ನಡೆಸುತ್ತಿದ್ದರು. ಅಲ್ಲಿ ಒಂದು ಯಂತ್ರ ಇಂಥ ಬಿಲ್ಲೆಯನ್ನು ಹಕ್ಕಿಯಂತೆ ಆಕಾಶಕ್ಕೆ ಎಸೆಯುತ್ತದೆ, ಜೋಡುನಳಿಗೆ ಕೋವಿ ಹಿಡಿದವನು ಅದನ್ನು ನೆಲಕ್ಕೆ ಬೀಳುವ ಮೊದಲೇ ಹೊಡೆದು ಪುಡಿ ಮಾಡಬೇಕು. ಅದೇ ಆಟ. ಬಿಲ್ಲೆಗಳು ಹಡಗಿನಲ್ಲಿ ವಿಲಾಯತಿಯಿಂದ ಬರುತ್ತಿದ್ದವು, ಈಗ ಆಮದು ನಿಂತುಹೋಗಿದೆ. ಜನವರಿಯಲ್ಲಿ ಮೈಸೂರು, ಬಳ್ಳಾರಿಯ ಕ್ಲಬ್ಬಿನವರು ಪಂದ್ಯಕ್ಕೆ ಬರುತ್ತಾರೆ. ಕೈಯಲ್ಲಿ ಉಳಿದಿರುವುದು ಇದೊಂದೇ ಬಿಲ್ಲೆ.

"ಡಾಂಬ್ರಿಗೆ ಸುಣ್ಣದ ಕಲ್ಲಿನ ಪುಡಿ ಕಲಸ್ತಾರೆ ಅಂತ ಗೊತ್ತು. ಎಷ್ಟು, ಹೆಂಗೆ, ಆ ದೇವರಿಗೇ ಗೊತ್ತು!"

ಏಕನಾಥಮ್ಮ ಸೌಟು ಕೆಳಗಿಟ್ಟು ಬಿಲ್ಲೆಯನ್ನು ಕೈಗೆ ತೆಗೆದುಕೊಂಡಳು. ಮೂಸಿದಳು. ಉಗುರಿನಿಂದ ತಟ್ಟಿ ಕಿವಿಗಿಟ್ಟುಕೊಂಡಳು.

"ಈ ಡ್ರಮ್ಮಿನ ಡಾಂಬ್ರು ಆಗಲ್ಲ ಸಾಮಿ. ಬಿಸಿಲಿಗೆ ಅಂಬ್ಲಿ ಆಗ್ತೈತೆ. ಇದು ಹದ ಮೀರಿ ಕಾದದ್ದು."

ಅವಳು ರಸ್ತೆಯಂಚಿಗೆ ಹೋಗಿ, ಹಿಂದಿನ ವಾರ ಕಾವು ಹೆಚ್ಚಾಗಿ ಕೆಟ್ಟುಹೋಗಿದೆಯೆಂದು ನಿಂಗಪ್ಪ ಸುರಿಸಿದ್ದ ಡಾಂಬರಿನ ಗಟ್ಟಿಯೊಂದನ್ನು ತಂದು ಕಲ್ಲಿಗೆ ಕುಕ್ಕಿದಳು. ಗಾಜಿನ ಹಾಗೆ ಚೂರುಚೂರಾಯಿತು. ಸುಬೇದಾರರ ಮುಖ ಊರಗಲವಾಯಿತು.

"ತಾಯಿ! ನೀನೇ ಮಾಡಿಕೊಡ್ತೀಯಾ?"

ಅಷ್ಟು ಜನರ ಮುಂದೆ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. "ನೋಡಾಣ ಬಿಡ್ರಿ," ಎಂದಳು. ಆದರೆ ಆಗಲೇ ತಲೆಯೊಳಗೆ ಒಲೆ ಹೊತ್ತಿಕೊಂಡಿತ್ತು.

ಸುಬೇದಾರರು ಹೊಸದುರ್ಗದ ಕಡೆಯಿಂದ ಎರಡು ಮೂಟೆ ಸುಣ್ಣದ ಕಲ್ಲಿನ ಪುಡಿ ತರಿಸಿಕೊಟ್ಟರು. ಏಕನಾಥಮ್ಮ ಹಟ್ಟಿಯ ಹಿಂದೆ ಮೂರು ಕಲ್ಲು ಹೂಡಿ, ಡಾಂಬರು ಕಾಯಿಸಿ, ಪುಡಿ ಕಲಸಿ, ತಟ್ಟೆಗೆ ಬೂದಿ ಸವರಿ ಎರೆದಳು. ಭಾನುವಾರ ಹನ್ನೆರಡು ಬಿಲ್ಲೆಗಳನ್ನು ಬುಟ್ಟಿಯಲ್ಲಿ ಹೊತ್ತು ಬಸ್ಸು ಹತ್ತಿದಳು. "ಹೆಂಡ್ತಿ ಹಕ್ಕಿ ಹಾರಿಸೋದನ್ನ ನೋಡ್ಬೇಕಲ್ಲಪ್ಪ," ಎಂದು ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಪಾಪಣ್ಣನೂ ಜೊತೆಗೆ ಬಂದ.

ಕ್ಲಬ್ಬಿನ ಬಯಲಲ್ಲಿ, ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ ಯಂತ್ರದ ತೋಳು ಪಟಾರನೆ ಬೀಸಿತು. ಬಿಲ್ಲೆ ಮೇಲೇರಿತು, ಕುಡಿದವನಂತೆ ಓಲಾಡಿತು, ಹತ್ತು ಮಾರು ದಾಟುವಷ್ಟರಲ್ಲಿ ಅಡ್ಡಡ್ಡ ಬಿತ್ತು. ಹನ್ನೆರಡಕ್ಕೆ ಹನ್ನೆರಡೂ ಹಾಗೆಯೇ.

ಪಾಪಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಲೇ ಏಕನಾಥಿ, ನನ್ನ ಟಗರು ಎಸೆದ್ರೂ ಇದಕ್ಕಿಂತ ನೆಟ್ಟಗೆ ಹಾರ್ತಿತ್ತಲ್ಲೇ!"

ವಾಪಸು ಬರುವ ಬಸ್ಸಿನಲ್ಲಿ ಅವಳು ಅವನಿಗೆ ಬೆನ್ನು ಕೊಟ್ಟು ಕಿಟಕಿಯ ಕಡೆ ತಿರುಗಿ ಕುಳಿತಳು. ಭರಮಸಾಗರ ಬರುವಷ್ಟರಲ್ಲಿ ಪಾಪಣ್ಣನಿಗೇ ಕಸಿವಿಸಿಯಾಯಿತು. ಸುಬೇದಾರರು ಮಾದರಿಗೆಂದು ಕೊಟ್ಟಿದ್ದ ವಿಲಾಯತಿ ಬಿಲ್ಲೆಯನ್ನು ಅವಳ ಮಡಿಲಿನಿಂದ ತೆಗೆದುಕೊಂಡು ಅಂಗೈಯಲ್ಲಿ ತೂಗಿ ನೋಡಿದ. ಹತ್ತು ವರ್ಷದವನಿದ್ದಾಗಿನಿಂದ ಕವಣೆ ಬೀಸಿದ ಕೈ ಅದು, ಕಲ್ಲನ್ನು ಕಣ್ಣು ಮುಚ್ಚಿಕೊಂಡೇ ಆರಿಸುವಂಥದ್ದು.

"ನಿಂದು ರೊಟ್ಟಿ ಹಂಗೈತೆ. ಎಲ್ಲಾ ಕಡೆ ಒಂದೇ ದಪ್ಪ," ಎಂದ. "ಇದರ ಭಾರ ಅಂಚಿನಾಗೈತೆ ನೋಡು. ನಡುವೆ ಉಬ್ಬೈತೆ, ತೆಳ್ಳಗೈತೆ. ಅದಕ್ಕೇ ಗಿರ್ರಂತ ತಿರುಗಿ ಗಾಳಿ ಮ್ಯಾಲೆ ಕುಂತ್ಕಳ್ಳೋದು."

ಏಕನಾಥಮ್ಮ ಅವನ ಕಡೆ ತಿರುಗಿದಳು. ಸಿಟ್ಟು ಎಲ್ಲಿಗೆ ಹೋಯಿತೋ. "ಈ ಮಾತು ಆವಾಗ್ಲೇ ಹೇಳಾಕೆ ಏನಾಗಿತ್ತು ನಿಂಗೆ?"

"ನಗೋದ್ರಾಗಿದ್ನಲ್ಲ!"

ಮರುದಿನವೇ ಇಬ್ಬರೂ ಹೊರಕೆರೆದೇವಪುರಕ್ಕೆ ಹೋದರು. ಅಲ್ಲಿ ಕಲ್ಲುಕೆಲಸದ ಮೂರ್ತಪ್ಪ ಬಳಪದ ಕಲ್ಲಿನಲ್ಲಿ ಎರಡು ಹೋಳಿನ ಅಚ್ಚು ಕೆತ್ತಿಕೊಟ್ಟ. ಬಿಲ್ಲೆ ಸಿಡಿಯುವಾಗ ಗೆರೆ ಹಿಡಿದು ಸಿಡಿಯಲಿ ಎಂದು ಏಕನಾಥಮ್ಮ ಒಳಗೆ ಒಂದರೊಳಗೊಂದು ಮೂರು ಬಳೆ ಗೆರೆ ಹಾಕಿಸಿದಳು.

ಇನ್ನು ಉಳಿದದ್ದು ಹದ. ಮನೆಯಲ್ಲಿ ಬಂದೂಕಿಲ್ಲ, ಭಾನುವಾರದವರೆಗೆ ಕಾಯುವ ತಾಳ್ಮೆಯೂ ಇಲ್ಲ. ಪಾಪಣ್ಣ ಒಂದು ಉಪಾಯ ಹೂಡಿದ. ಕೋವಿಯ ಚರೆಯಂತೆ ಹರಡಿ ಹೋಗಲಿ ಎಂದು ಕವಣೆಗೆ ಒಂದೇ ಕಲ್ಲಿನ ಬದಲು ಹಿಡಿ ತುಂಬ ಗರಸು ಕಲ್ಲು ತುಂಬಿದ. ದಿನಾ ಸಂಜೆ ಕೆರೆ ಏರಿಯ ಮೇಲೆ ಹೆಂಡತಿ ಬಿಲ್ಲೆ ಎಸೆಯುವುದು, ಗಂಡ ಕವಣೆ ಬೀಸುವುದು. ಮೊದಮೊದಲು ಏಟು ಬಿದ್ದ ಬಿಲ್ಲೆಗಳು ಒಡೆಯದೆ ತೂತುಬಿದ್ದು ಕೆಳಗಿಳಿದವು.

"ಜರಡಿ ಮಾಡಿದೀಯಲ್ಲೇ! ರಾಗಿಹಿಟ್ಟು ಸಾಣಿಸಬೌದು."

ಅವಳು ಪುಡಿ ಹೆಚ್ಚಿಸಿದಳು. ಆಗ ಬಿಲ್ಲೆ ಕೈಯಲ್ಲಿ ಹಿಡಿದರೇ ಮುಕ್ಕಾಯಿತು. ಪುಡಿ ತಗ್ಗಿಸಿದಳು, ಕಾವು ಹೆಚ್ಚಿಸಿದಳು. ಕೊನೆಗೊಂದು ಸಂಜೆ, ಒಂದು ಸೇರು ಡಾಂಬರಿಗೆ ಎರಡು ಸೇರು ಪುಡಿ ಹಾಕಿ ಎರೆದ ಬಿಲ್ಲೆಯನ್ನು ತಟ್ಟಿದಾಗ ಟಣ್ ಎಂದಿತು. ಎಸೆದಳು. ಅದು ಕೆರೆಯ ನೀರಿನ ಮೇಲೆ ನೆಟ್ಟಗೆ, ಗಿಡುಗನಂತೆ ತೇಲಿತು. ಪಾಪಣ್ಣನ ಗರಸು ಸುಯ್ಯೆಂದು ಹೋಯಿತು. ಬಿಲ್ಲೆ ಇದ್ದ ಜಾಗದಲ್ಲಿ ಒಂದು ಕರೀ ಹೊಗೆ ಮಾತ್ರ ಉಳಿಯಿತು.

ಏಕನಾಥಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಏರಿಯ ಮೇಲೆ ಕುಣಿದಳು. ಪಾಪಣ್ಣನೂ ಕುಣಿದ. ನೀರು ಕುಡಿಯಲು ಬಂದಿದ್ದ ಎಮ್ಮೆಗಳು ಗಾಬರಿಯಾಗಿ ಊರ ಕಡೆ ಓಡಿದವು.

ಪಂದ್ಯದ ದಿನ ಬೆಳಿಗ್ಗೆ ಎಂಟಕ್ಕೆಲ್ಲ ನಾನೂರು ಬಿಲ್ಲೆಗಳು ಹುಲ್ಲಿನ ಮೆತ್ತೆಯ ಮೇಲೆ ಎತ್ತಿನ ಗಾಡಿಯಲ್ಲಿ ಬಯಲಿಗೆ ಬಂದಿದ್ದವು. ಶಾಮಿಯಾನ ಹಾಕಿತ್ತು. ಮೈಸೂರಿನವರು ಹ್ಯಾಟು ಹಾಕಿಕೊಂಡು ಬಂದಿದ್ದರು, ಬಳ್ಳಾರಿಯವರು ಜೀಪಿನಲ್ಲಿ. ಊರಿನ ಅರ್ಧ ಜನ ಶಾಮಿಯಾನದ ಹಿಂದಿನ ಬಂಡೆಗಳ ಮೇಲೆ ಹತ್ತಿ ಕುಳಿತಿದ್ದರು.

ಮೈಸೂರಿನ ಹಿರಿಯರೊಬ್ಬರು ಮೊದಲು ನಿಂತು, ಬಿಲ್ಲೆ ಎಸೆಯಿರೆಂದು ಕೂಗಿದರು. ಯಂತ್ರ ಬೀಸಿತು. ಬಿಲ್ಲೆ ಚೆನ್ನಾಗಿಯೇ ಹಾರಿತು. ಅವರು ಕೋವಿಯನ್ನು ಅತ್ತಿತ್ತ ಆಡಿಸಿ ಕೆಳಗಿಳಿಸಿದರು.

"ಎಲ್ರೀ ಅದು? ಕಾಣಲೇ ಇಲ್ಲ."

ಎರಡನೆಯವರಿಗೂ ಕಾಣಲಿಲ್ಲ. ಎದುರಿಗೆ ದುರ್ಗದ ಕರೀ ಬಂಡೆ, ಅದರ ಮುಂದೆ ಕರೀ ಬಿಲ್ಲೆ. ಕ್ಲಬ್ಬಿನವರು ಯಾವಾಗಲೂ ತೆರೆದ ಆಕಾಶದ ಕಡೆಗೇ ಹಾರಿಸುತ್ತಿದ್ದರು, ಇವತ್ತು ಜನ ಸೇರಿದ್ದರಿಂದ ಯಂತ್ರವನ್ನು ಬಂಡೆಯ ಕಡೆ ತಿರುಗಿಸಿದ್ದರು. ಅಭ್ಯಾಸವೆಲ್ಲ ಸಂಜೆಯ ಆಕಾಶದ ಎದುರು, ಕೆರೆಯ ನೀರಿನ ಎದುರು ನಡೆದಿದ್ದರಿಂದ ಇದು ಯಾರಿಗೂ ಹೊಳೆದಿರಲಿಲ್ಲ. ಪಂದ್ಯ ನಿಲ್ಲಿಸೋಣವೇ ಎಂದು ಶಾಮಿಯಾನದಲ್ಲಿ ಗುಸುಗುಸು ಶುರುವಾಯಿತು. ಸುಬೇದಾರರು ಮೊದಲ ಬಾರಿಗೆ ಮೆಲ್ಲಗೆ ಮಾತಾಡಿದರು. "ಏನ್ಮಾಡಾಣ ತಾಯಿ?"

ಏಕನಾಥಮ್ಮ ಸುತ್ತ ನೋಡಿದಳು. ಬಯಲಿನಲ್ಲಿ ಗೆರೆ ಎಳೆಯಲು ಕಲಸಿಟ್ಟಿದ್ದ ಸುಣ್ಣದ ಬಾನಿ ಅಲ್ಲೇ ಇತ್ತು.

"ಅವರಿಗೆ ಒಂದೊಂದು ಲೋಟ ಚಾ ಕೊಡ್ರಿ ಸಾಮಿ. ಅಷ್ಟರಾಗೆ ಆಗ್ತೈತೆ."

ಅವಳು ತೋಳೇರಿಸಿ ಬಾನಿಯ ಮುಂದೆ ಕುಳಿತಳು. ರಸ್ತೆ ಕೆಲಸದಲ್ಲಿ ಅವಳ ಜೊತೆಗಿದ್ದ ಕಾಳಕ್ಕ, ಗಿರಿಯಮ್ಮ ಪಂದ್ಯ ನೋಡಲು ಬಂದಿದ್ದರು, ಕರೆಯುವ ಮೊದಲೇ ಬಂಡೆಯಿಂದ ಇಳಿದು ಓಡಿಬಂದರು. ಒಬ್ಬಳು ಅದ್ದುವುದು, ಒಬ್ಬಳು ಕೊಡುವುದು, ಇನ್ನೊಬ್ಬಳು ಕಾದ ಬಂಡೆಯ ಮೇಲೆ ಹರಡುವುದು. ಪಾಪಣ್ಣ ಕಂಬಳಿ ಬೀಸಿ ಗಾಳಿ ಹಾಕಿದ. ಅವನ ಮೀಸೆಗೂ ಸುಣ್ಣ ಮೆತ್ತಿಕೊಂಡಿತು. ಚಾ ಮುಗಿದು ಎರಡನೇ ಲೋಟ ಬರುವಷ್ಟರಲ್ಲಿ ಮೊದಲ ನೂರು ಬಿಲ್ಲೆಗಳು ಮಲ್ಲಿಗೆಯ ಹಾಗೆ ಬೆಳ್ಳಗೆ ಒಣಗಿದ್ದವು.

ಮೈಸೂರಿನ ಹಿರಿಯರು ಮತ್ತೆ ನಿಂತರು. ಬೆಳ್ಳಕ್ಕಿಯಂತೆ ಬಿಲ್ಲೆ ಬಂಡೆಯ ಎದುರು ಚಿಮ್ಮಿತು. ಢಂ! ಬಿಳಿಯದು ಸಿಡಿದು ಕಪ್ಪು ಪುಡಿ ಗಾಳಿಯಲ್ಲಿ ಹರಡಿತು. ಹಿಂದಿನ ಬಂಡೆಗಳ ಮೇಲಿದ್ದ ಜನರೆಲ್ಲ ಹೋ ಎಂದರು. ಆ ಕೂಗು ಕೋಟೆ ಗೋಡೆಗೆ ಬಡಿದು ತಿರುಗಿ ಬಂತು.

ಸಂಜೆಯವರೆಗೆ ಏಕನಾಥಮ್ಮ ಯಂತ್ರದ ಪಕ್ಕದಿಂದ ಕದಲಲಿಲ್ಲ. ಒಂದೊಂದು ಬಿಲ್ಲೆ ಪುಡಿಯಾದಾಗಲೂ ಚಪ್ಪಾಳೆ ಹೊಡೆದಳು, ಹೊಡೆದವನು ಯಾವ ಊರಿನವನಾದರೂ ಸರಿ. ಗೆದ್ದವರು ಬಳ್ಳಾರಿಯವರು. ಬೆಳ್ಳಿಯ ಬಟ್ಟಲು ಹಿಡಿದುಕೊಂಡೇ ಅವರ ನಾಯಕ ಬಂದು ಕೇಳಿದ, "ಅಮ್ಮಾ, ನಮ್ ಕ್ಲಬ್ಬಿಗೂ ಮಾಡಿಕೊಡ್ತೀರಾ? ತಿಂಗ್ಳಿಗೆ ಸಾವಿರ ಬೇಕು." ಅವನ ಹಿಂದೆಯೇ ಮೈಸೂರಿನ ಹಿರಿಯರೂ ನಿಂತಿದ್ದರು.

ಏಕನಾಥಮ್ಮ ಕಾಳಕ್ಕನ ಮುಖ ನೋಡಿದಳು, ಗಿರಿಯಮ್ಮನ ಮುಖ ನೋಡಿದಳು. ಇಬ್ಬರೂ ಸುಣ್ಣ ಮೆತ್ತಿದ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

"ಮಾಡ್ತೀವಿ ಬಿಡ್ರಿ," ಎಂದಳು. "ಆದ್ರೆ ನಾಳೆ ಆಗಲ್ಲ. ನಾಳೆ ನಾವು ಮೂರು ಜನ ಮೇಸ್ತ್ರಿಗೆ ಕೆಲ್ಸ ಬಿಡ್ತೀವಿ ಅಂತ ಹೇಳಾಕೆ ಹೋಗ್ಬೇಕು."

ಸುಬೇದಾರರು ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದರು. ಮೂವರು ಹೆಂಗಸರು, ಪಾಪಣ್ಣ ನಾಲ್ವರೂ ಖಾಲಿ ಗಾಡಿಯಲ್ಲಿ ಕಾಲು ಇಳಿಬಿಟ್ಟು ಕುಳಿತು, ಖಾರಕ್ಕೆ ಸೊರ್ ಸೊರ್ ಎನ್ನುತ್ತ ತಿಂದರು. ಎತ್ತುಗಳು ತಾವಾಗಿಯೇ ಭರಮಸಾಗರದ ದಾರಿ ಹಿಡಿದವು.