ಎದ್ದು ಹೋಗದ ಸರ್ ಅಂಕಟಿಲ್

ಬೆಳಿಗ್ಗೆ ಆರೂವರೆ ಗಂಟೆಗೆ, ಸಭೆಯ ಪ್ರಾರ್ಥನೆಗೆ ಇನ್ನೂ ಬಹಳ ಹೊತ್ತಿರುವಾಗಲೇ, ಸರ್ ಅಂಕಟಿಲ್ ಬ್ರೇ ವೆಸ್ಟ್‌ಮಿನ್‌ಸ್ಟರಿನ ಕೆಳಮನೆಯಲ್ಲಿ ತಮ್ಮ ಬೆಂಚಿನ ಮೇಲೆ ಕುಳಿತು ತಣ್ಣನೆಯ ಕುರಿಮಾಂಸದ ಕಡುಬು ತಿನ್ನುತ್ತಿದ್ದರು. ಸದಸ್ಯರು ಹೆಚ್ಚು, ಬೆಂಚುಗಳು ಕಡಿಮೆ. ಎದ್ದವನ ಜಾಗ ಹೋಯಿತೆಂದೇ ಅರ್ಥ; ಅವರ ಜಾಗದ ಮೇಲಂತೂ ಬೆಂಚು ಸಿಗದ ಒಬ್ಬ ವಕೀಲನ ಕಣ್ಣಿತ್ತು. ಹದಿನಾಲ್ಕು ವರ್ಷಗಳ ಹಿಂದೆ ಮೊದಲ ಸಲ ಆರಿಸಿ ಬಂದ ದಿನದಿಂದಲೂ ಅವರು ಸಭೆಯ ನಡುವೆ ಎದ್ದವರಲ್ಲ. ವಾತ ಹಿಡಿದ ಎಡಗಾಲನ್ನು ಮುಂದಕ್ಕೆ ಚಾಚಿ, ನರಿಚರ್ಮದ ಅಂಚಿನ ಹಳೆಯ ನಿಲುವಂಗಿಯನ್ನು ಎರಡೂ ಬದಿಗೆ ಹರಡಿ, ಮುತ್ತಿಗೆಗೆ ಸಿಕ್ಕಿದ ಕೋಟೆಯನ್ನು ಕಾಯುವವರಂತೆ ಕೂರುತ್ತಿದ್ದರು.

ಪಕ್ಕದಲ್ಲಿದ್ದ ವಾರಿನ್ ಡಾಬ್ ಸಣ್ಣದೊಂದು ಬಂದರಿನ ಪ್ರತಿನಿಧಿ. ಅವನ ಊರಿನ ಕಡಲಗೋಡೆ ಬಿರುಕುಬಿಟ್ಟಿತ್ತು; ಅದನ್ನು ಕಟ್ಟಿಸುವ ಮಸೂದೆ ಅಂದೇ ತೀರ್ಮಾನವಾಗಬೇಕಿತ್ತು. ‘ಹೌದು’ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವರು ಸರ್ ಅಂಕಟಿಲ್. ಆದರೆ ಅಂದು ಕೂಗಿನಿಂದ ಗೆಲುವು ತಿಳಿಯಲಿಲ್ಲ. ಹಾಗಾದಾಗ ತಲೆ ಎಣಿಸಬೇಕು: ಹೊಸ ಕಾನೂನು ಬೇಕೆನ್ನುವವರು ಎದ್ದು ಹೊರಗಿನ ಮೊಗಸಾಲೆಗೆ ಹೋಗಬೇಕು, ಬೇಡವೆನ್ನುವವರು ಕೂತಲ್ಲೇ ಇರಬೇಕು.

“ಏಳಿ ಸ್ವಾಮಿ, ಏಳಿ!” ವಾರಿನ್ ಮುದುಕರ ತೋಳು ಹಿಡಿದೆಳೆದ.

“ಆಗ್ಲೇ ಕೂಗಿದ್ನಲ್ಲಯ್ಯಾ! ನಾನೆದ್ರೆ ಆ ವಕೀಲ ಇಲ್ಲಿ ಕುಂಡಿ ಊರ್ತಾನೆ, ಅಲ್ವೇನಯ್ಯಾ?”

ಮಸೂದೆ ಒಂದೇ ಮತದಿಂದ ಬಿದ್ದುಹೋಯಿತು.

“ಛೇ, ಎಂಥಾ ಅನ್ಯಾಯ! ಯಾರಯ್ಯಾ ಆ ಪಾಪಿ?” ಎಂದು ಅವರು ಕೇಳಿದರು. ನಿಜವಾದ ಸಂಕಟದಿಂದಲೇ ಕೇಳಿದರು.

“ನೀವೇ ಸ್ವಾಮಿ. ಕೂತೋರೆಲ್ಲ ಬೇಡ ಅಂದೋರೇ.”

ಅವರು ಬಗ್ಗಿ ತಮ್ಮ ಕೆಳಗಿನ ಬೆಂಚನ್ನೇ ನೋಡಿದರು.

ರಾಣಿ ಕರೆದರಷ್ಟೇ ಸಭೆ ಸೇರುತ್ತಿದ್ದ ಕಾಲವದು; ಮತ್ತೆ ಕರೆಯಲು ಅವಳಿಗೆ ನಾಲ್ಕು ವರ್ಷ ಹಿಡಿಯಿತು. ಕಡಲು ರಾಣಿಯ ಅಪ್ಪಣೆಗೆ ಕಾಯದೆ ಮೀನುಗಾರರ ಒಂದು ಕೇರಿಯನ್ನು ನುಂಗಿತು. ಮಸೂದೆ ಎರಡನೆಯ ಸಲ ಬಂದಾಗ ವಾರಿನ್ ಯಾರ ತೋಳನ್ನೂ ಹಿಡಿಯಲಿಲ್ಲ. ಬಾಗಿಲ ಬಳಿ ಹೋಗಿ ತಿರುಗಿದರೆ, ಹಿಂದೆಯೇ ನರಿಚರ್ಮದ ನಿಲುವಂಗಿ ಕುಂಟುತ್ತಾ ಬರುತ್ತಿತ್ತು. ಗೋಡೆ ಗೆದ್ದಿತು. ಮರಳಿ ಬಂದಾಗ ಬೆಂಚಿನಲ್ಲಿ ವಕೀಲ ಕಾಲು ಚಾಚಿ ಕೂತಿದ್ದ. ಸರ್ ಅಂಕಟಿಲ್ ಸಂಜೆಯವರೆಗೆ ಕಂಬಕ್ಕೊರಗಿ ನಿಂತರು.

ಒಳಿತನ್ನು ಗಟ್ಟಿದನಿಯಲ್ಲಿ ಬಯಸುವವರು ಎಲ್ಲ ರಾಜ್ಯಗಳಲ್ಲೂ ಇರುತ್ತಾರೆ. ಬಯಕೆಗೆ ಕಾಲೂ ಬೇಕೆಂಬುದು ಅವರಿಗೆ ಹೊಳೆಯುವುದು ತಡವಾಗಿ, ಹೊಳೆದ ಮೇಲೆ ಮಾತ್ರ ಅವರು ನೋವನ್ನು ಲೆಕ್ಕಿಸುವುದಿಲ್ಲ. ವಾರಿನ್‌ಗೆ ಇದು ಅರ್ಥವಾದದ್ದು ಅಂದಿನ ರಾತ್ರಿಯೂಟದಲ್ಲಿ.

“ಬೆಂಚಿಂದ ಬಾಗಿಲಿಗೆ ಎಷ್ಟು ದೂರ ಸ್ವಾಮಿ?” ಎಂದು ಅವನು ಚುಚ್ಚಿದ.

ಮುದುಕರು ಕಾಲು ನೀವಿಕೊಂಡರು.

“ಹದಿನೆಂಟು ವರ್ಷ.”