ಉಳಿಸಿದ ನೀರಿನ ದರ

ಆ ಬೀದಿಯಲ್ಲಿ ಅತ್ತೆಗೆ 'ಬಾಟ್ಲಿ ಮೇಡಂ' ಅಂತ ಹೆಸರು ಬಿದ್ದು ಎರಡು ವರ್ಷವಾಗಿತ್ತು. ಆ ಹೆಸರು ಬೀಳಲು ಕಾರಣ ಅವರ ಸೊಸೆ.

ಸೊಸೆ ನಗರದ ನೀರು ಮಂಡಳಿಯಲ್ಲಿ ದರ ವಿಭಾಗದ ಅಧಿಕಾರಿ. ಯಾವ ಮನೆಯ ನಲ್ಲಿಗೆ ಎಷ್ಟು ದರ ಅನ್ನುವ ಹಾಳೆ ಮೊದಲು ಹುಟ್ಟುತ್ತಿದ್ದದ್ದು ಅವಳ ಕಂಪ್ಯೂಟರಿನಲ್ಲಿ. ಜಲಾಶಯದ ತಳ ಕಂಡ ವರ್ಷ ಮಂಡಳಿ ನೀರು ಉಳಿಸಿ, ನೀರು ಉಳಿಸಿ ಎಂದು ಊರಿಗೆಲ್ಲ ಸಾರಿತು. ಒಂದು ಸಂಜೆ ಸೊಸೆ ಪಾತ್ರೆ ತೊಳೆಯುತ್ತಾ, "ಅತ್ತೆ, ಫ್ಲಶ್ ಟ್ಯಾಂಕಿನೊಳಗೆ ತುಂಬಿದ ಬಾಟ್ಲಿ ಒಂದನ್ನ ಇಟ್ಟುಬಿಟ್ರೆ ಪ್ರತಿ ಸಲ ಒಂದು ಲೀಟರ್ ಉಳಿಯುತ್ತಂತೆ" ಅಂದಳು. ಅಂದದ್ದು ಇಷ್ಟೇ. ಅತ್ತೆ ಮೂವತ್ತೊಂದು ವರ್ಷ ಶಾಲೆಯಲ್ಲಿ ಗಣಿತ ಕಲಿಸಿ ಆಗಷ್ಟೇ ನಿವೃತ್ತರಾಗಿದ್ದರು. ಕೈಯಲ್ಲಿ ಕೆಲಸವಿಲ್ಲದೆ ಮನೆಯವರ ತಲೆ ತಿನ್ನುತ್ತಿದ್ದ ಕಾಲ ಅದು. ಮರುದಿನವೇ ಖಾಲಿ ಬಾಟ್ಲಿಗಳ ಚೀಲ ಹೆಗಲಿಗೇರಿಸಿ ಬೀದಿಗಿಳಿದರು.

ಅರವತ್ತೆರಡು ಮನೆ. ಒಂದನ್ನೂ ಬಿಡಲಿಲ್ಲ. ಮೂಗು ಮುರಿದವರ ಮನೆಗೆ ಮೂರು ಸಲ ಹೋದರು. ಬಾಟ್ಲಿ ತಾವೇ ಇಟ್ಟರು, ಸೋರುವ ನಲ್ಲಿಗೆ ವಾಷರ್ ತಾವೇ ಹಾಕಿಸಿದರು, ತಿಂಗಳ ಕೊನೆಗೆ ಮೀಟರ್ ಓದಿ ಯಾರು ಎಷ್ಟು ಉಳಿಸಿದರು ಅಂತ ಬಾಗಿಲಲ್ಲೇ ಅಂಕ ಕೊಟ್ಟರು. ಮೂಲೆಮನೆಯ ಕ್ಷೌರಿಕ ನಗುತ್ತಾ, "ಮೇಡಂ, ಈ ವಯಸ್ಸಲ್ಲಿ ನನ್ನನ್ನ ಫೇಲ್ ಮಾಡಬೇಡಿ" ಅಂತಿದ್ದ. ಒಂದೇ ವರ್ಷದಲ್ಲಿ ಬೀದಿಯ ಬಳಕೆ ಮೂರರಲ್ಲೊಂದು ಪಾಲು ಇಳಿಯಿತು. ಬೇರೆ ಬೀದಿಗಳೂ ನೋಡಿ ಕಲಿತವು. ಮುಂದೆ ಮಳೆ ಚೆನ್ನಾಗಿಯೇ ಬಂತು, ಆದರೆ ಜನ ಹಳೆಯ ಅಭ್ಯಾಸಕ್ಕೆ ಮರಳಲಿಲ್ಲ.

ಸೊಸೆ ಸಿಕ್ಕಿಹಾಕಿಕೊಂಡದ್ದು ಅಲ್ಲೇ.

ಮಂಡಳಿಯ ಖರ್ಚಿನಲ್ಲಿ ಹೆಚ್ಚಿನದು ನೀರು ಕಡಿಮೆ ಹರಿದರೂ ಕಡಿಮೆಯಾಗುವಂಥದ್ದಲ್ಲ. ಪಂಪು, ಶುದ್ಧೀಕರಣ ಘಟಕ, ಕೆಲಸಗಾರರ ಸಂಬಳ, ಸಾಲದ ಕಂತು, ಎಲ್ಲ ಇದ್ದಲ್ಲೇ ಇರುತ್ತವೆ. ಆದಾಯ ಮಾತ್ರ ಅಳೆದು ಮಾರಿದ ನೀರಿನದು. ಜನ ಉಳಿಸಿದಷ್ಟೂ ಅದು ಕರಗಿತು. ಇತ್ತ ನೆಲದಡಿಯ ಕೊಳವೆಗಳಿಗೆ ಎಂಬತ್ತು ವರ್ಷ. ಆಸ್ಪತ್ರೆ ರಸ್ತೆಯ ದೊಡ್ಡ ಕೊಳವೆ ಒಂದೇ ವರ್ಷದಲ್ಲಿ ಮೂರು ಸಲ ಒಡೆದು, ಒಮ್ಮೆ ಎರಡು ದಿನ ಆಸ್ಪತ್ರೆಗೆ ಟ್ಯಾಂಕರ್ ಓಡಿಸಬೇಕಾಯಿತು. ಬದಲಿಸದಿದ್ದರೆ ಆಗುವುದಿಲ್ಲ. ಬದಲಿಸಲು ಹಣವಿಲ್ಲ.

ಸೊಸೆ ಹಾಳೆಯನ್ನು ಮೂರು ಬಗೆಯಲ್ಲಿ ಮಾಡಿ ನೋಡಿದಳು. ಬಳಸಿದ ನೀರಿನ ದರ ಏರಿಸಿದರೆ ಜನ ಇನ್ನೂ ಉಳಿಸುತ್ತಾರೆ, ಆದಾಯ ಇನ್ನೂ ಕುಸಿಯುತ್ತದೆ, ಮುಂದಿನ ವರ್ಷ ಮತ್ತೆ ಏರಿಸಬೇಕು. ಬಳಸಲಿ ಬಿಡಲಿ, ಪ್ರತಿ ಮನೆಯೂ ಕೊಡಬೇಕಾದ ಸ್ಥಿರ ಶುಲ್ಕ ಏರಿಸಿದರೆ ಹಣವೇನೋ ಖಚಿತ, ಆದರೆ ತೀರಾ ಕಡಿಮೆ ಬಳಸುವವರಿಗೇ ಪೆಟ್ಟು ಜೋರು. ಏನೂ ಏರಿಸದಿದ್ದರೆ ಕೊಳವೆ ಒಡೆಯುತ್ತದೆ. ಯಾವ ಬಾಗಿಲು ತೆಗೆದರೂ ಅದೇ ಗೋಡೆ.

ನಿರ್ದೇಶಕರು ಎರಡನೆಯದನ್ನು ಆರಿಸಿದರು. "ಪ್ರಕಟಣೆ ಹೊರಬೀಳೋ ತನಕ ಇದು ಈ ಕೋಣೆ ದಾಟಬಾರದು" ಅಂದರು. ಆಮೇಲೆ ಅವಳ ಮುಖ ನೋಡಿ, "ಮನೇಲೂ" ಅಂತ ಸೇರಿಸಿದರು.

ಆರು ವಾರ. ದಿನಾ ಸಂಜೆ ಊಟದ ಮೇಜಿನಲ್ಲಿ ಅತ್ತೆ ಉತ್ಸಾಹದಿಂದ ವರದಿ ಒಪ್ಪಿಸುತ್ತಿದ್ದರು. "ನಮ್ಮ ಹೊಲಿಗೆಯಾಕೆ ಈ ತಿಂಗಳು ಎಷ್ಟು ಬಳಸಿದ್ದಾಳೆ ಗೊತ್ತಾ? ನಾಲ್ಕೇ ಸಾವಿರ ಲೀಟರ್! ಬೀದಿಗೇ ಮೊದಲನೇ ರ್‍ಯಾಂಕು." ಹೊಲಿಗೆಯಾಕೆ ಒಂಟಿ ಹೆಂಗಸು, ಎದುರುಮನೆ. ಹೊಸ ಹಾಳೆಯ ಪ್ರಕಾರ ಅವಳ ಬಿಲ್ಲು ಸುಮಾರು ಒಂದೂವರೆ ಪಟ್ಟು ಆಗುತ್ತದೆ ಅಂತ ಸೊಸೆಗೆ ಗೊತ್ತಿತ್ತು. ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಉಳಿಯುತ್ತಿತ್ತು. "ಒಳ್ಳೇದಾಯ್ತು ಅತ್ತೆ" ಅನ್ನುತ್ತಿದ್ದಳು. ಬಸ್ಸು ಓಡಿಸುವ ಗಂಡ ಒಂದು ದಿನ ಕೇಳಿಯೇಬಿಟ್ಟ, "ಏನೇ, ಬಾಯಿಗೆ ಬೀಗ ಹಾಕ್ಕೊಂಡಿದೀಯಾ?" ಅವಳು ತಲೆನೋವು ಅಂದಳು.

ಪ್ರಕಟಣೆ ಒಂದು ಭಾನುವಾರ ಬೆಳಗಿನ ಪತ್ರಿಕೆಯಲ್ಲಿ ಬಂತು. ಅತ್ತೆ ಕನ್ನಡಕ ಏರಿಸಿ ಓದಿದರು, ಪೆನ್ಸಿಲ್ ತಂದು ಅಂಚಿನಲ್ಲಿ ಲೆಕ್ಕ ಮಾಡಿದರು, ಮತ್ತೊಮ್ಮೆ ಮಾಡಿದರು.

"ಇದು ನಿನಗೆ ಮೊದಲೇ ಗೊತ್ತಿತ್ತಾ?"

"ಹ್ಞೂಂ."

"ಯಾವಾಗಿಂದ?"

"ಆರು ವಾರ ಆಯ್ತು."

ಅತ್ತೆ ಪತ್ರಿಕೆ ಮಡಿಸಿಟ್ಟು ಎದ್ದುಹೋದರು. ಬೈದಿದ್ದರೆ ಸೊಸೆಗೆ ಉಸಿರಾದರೂ ಬರುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಬೀದಿಯೆಲ್ಲ ಗುಲ್ಲು. ಹೊಲಿಗೆಯಾಕೆ ಬಾಗಿಲಿಗೆ ಬಂದು, ಟ್ಯಾಂಕಿನಿಂದ ತೆಗೆದ ಬಾಟ್ಲಿಯನ್ನು ಮೆಟ್ಟಿಲ ಮೇಲಿಟ್ಟಳು. "ಮೇಡಂ, ನಿಮ್ಮ ಮಾತು ಕೇಳಿದ್ದಕ್ಕೆ ನಂಗೆ ಇದಾ ಬಹುಮಾನ? ಹಿಂದಿನ ಬೀದೀಲಿ ದಿನಾ ಕಾರಿಗೆ ಸ್ನಾನ ಮಾಡಿಸ್ತಾನಲ್ಲ, ಅವನ ಬಿಲ್ಲು ಹೆಚ್ಚುಕಮ್ಮಿ ಹಾಗೇ ಇರುತ್ತಂತೆ." ಅತ್ತೆ ಬಗ್ಗಿ ಬಾಟ್ಲಿ ಎತ್ತಿಕೊಂಡರು. ಒಳಗೆ ಕಿಟಕಿಯ ಹಿಂದೆ ನಿಂತಿದ್ದ ಸೊಸೆಗೆ ಉತ್ತರ ಗೊತ್ತಿತ್ತು, ಹೊರಗೆ ಬರುವ ಮುಖವಿರಲಿಲ್ಲ.

ಹೊಸ ದರಕ್ಕೆ ಮಂಡಳಿಗೆ ಸೇರದ ದರ ಸಮಿತಿಯ ಒಪ್ಪಿಗೆ ಬೇಕು. ಅದಕ್ಕೂ ಮುಂಚೆ ಜನರ ಅಹವಾಲು ಕೇಳಬೇಕು. ಸಭೆ ಒಂದು ಬುಧವಾರ ಮಧ್ಯಾಹ್ನ, ಮಂಡಳಿಯ ಸಭಾಂಗಣದಲ್ಲಿ. ಹಾಳೆ ವಿವರಿಸುವ ಕೆಲಸ ಸೊಸೆಯದು. ನಿರ್ದೇಶಕರು ಮೊದಲೇ ಹೇಳಿಕೊಟ್ಟಿದ್ದರು: "ಉಳಿಸಿದ್ದಕ್ಕೆ ಏರಿತಾ ಅಂತ ಕೇಳೇ ಕೇಳ್ತಾರೆ. ಹಲವು ಕಾರಣಗಳಿವೆ ಅನ್ನು. ಅಲ್ಲಿಗೆ ನಿಲ್ಲಿಸು."

ಮೂರನೆಯ ಸಾಲಿನಿಂದ ಎದ್ದುನಿಂತವರು ಅತ್ತೆ. ಬೆಳಿಗ್ಗೆ ಇಬ್ಬರೂ ಒಂದೇ ಮೇಜಿನಲ್ಲಿ ತಿಂಡಿ ತಿಂದಿದ್ದರು. ಅತ್ತೆ ಬರುವ ಮಾತೇ ಎತ್ತಿರಲಿಲ್ಲ.

"ಒಂದೇ ಪ್ರಶ್ನೆ" ಅಂದರು, ತರಗತಿಯ ಕೊನೆಯ ಬೆಂಚಿಗೂ ಕೇಳಿಸುವ ದನಿಯಲ್ಲಿ. "ನಾವು ನೀರು ಉಳಿಸದೆ ಹಳೇ ಥರಾನೇ ಬಳಸಿದ್ದಿದ್ರೆ ಈ ವರ್ಷ ಇಷ್ಟು ದರ ಏರ್ತಿತ್ತಾ? ಹೌದೋ ಅಲ್ಲವೋ, ಅಷ್ಟು ಹೇಳಿ ಸಾಕು."

ನಿರ್ದೇಶಕರು ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು. ಸೊಸೆ ಮೈಕನ್ನು ಹತ್ತಿರ ಎಳೆದುಕೊಂಡಳು. ಹಲವು ಕಾರಣಗಳು ಅಂದುಬಿಟ್ಟರೆ ನೌಕರಿ ತಣ್ಣಗಿರುತ್ತದೆ, ಆದರೆ ಮನೆಗೆ ಯಾವ ಮುಖ ಹೊತ್ತು ಹೋಗುವುದು? ಹಾಳೆ ಹೇಳುವುದನ್ನು ಹೇಳಿದರೆ ನಾಳೆಯಿಂದ ಊರಲ್ಲಿ ಯಾರೂ ಒಂದು ತೊಟ್ಟು ಉಳಿಸಲಿಕ್ಕಿಲ್ಲ.

"ಇಲ್ಲ" ಅಂದಳು. "ಈ ವರ್ಷ ಇಷ್ಟು ಏರ್ತಿರಲಿಲ್ಲ. ನೀವು ಉಳಿಸಿದ್ದೂ ಒಂದು ಕಾರಣ, ದೊಡ್ಡ ಕಾರಣ."

ಗದ್ದಲವೆದ್ದಿತು. ಅವಳು ದನಿ ಏರಿಸಿದಳು. "ಇನ್ನರ್ಧ ಕೇಳಿ. ನೀವು ಉಳಿಸದೇ ಇದ್ದಿದ್ರೆ ಎರಡು ವರ್ಷದಲ್ಲಿ ಇನ್ನೊಂದು ಜಲಾಶಯ ಕಟ್ಟಬೇಕಿತ್ತು. ಆಗ ಏರ್ತಿದ್ದ ದರದ ಮುಂದೆ ಇದು ಕಾಲು ಭಾಗ. ಅದನ್ನ ನಿಮ್ಮ ಬಾಟ್ಲಿಗಳು ತಡೆದಿವೆ. ಆದ್ರೆ ತಪ್ಪಿದ ಖರ್ಚು ಯಾವ ಬಿಲ್ಲಿನಲ್ಲೂ ಕಾಣೋದಿಲ್ಲ, ಏರಿದ ದರ ಮಾತ್ರ ಕಾಣುತ್ತೆ. ಇದನ್ನ ನಾವು ಮೊದಲನೇ ದಿನವೇ ನಿಮಗೆ ಹೇಳಬೇಕಿತ್ತು. ಹೇಳಲಿಲ್ಲ." ಸ್ವಲ್ಪ ತಡೆದು, "ಸ್ಥಿರ ಶುಲ್ಕದಿಂದ ಕಡಿಮೆ ಬಳಸೋರಿಗೇ ಜಾಸ್ತಿ ಹೊರೆ ಅನ್ನೋದೂ ನಿಜ" ಅಂದಳು.

ಅತ್ತೆ ಕೂತರು. ಮುಖದಲ್ಲಿ ಗೆದ್ದ ಖುಷಿ ಇರಲಿಲ್ಲ. ಉತ್ತರ ಸರಿ ಬಂದರೂ ಲೆಕ್ಕ ಇಷ್ಟವಾಗದವರ ಹಾಗೆ ಕೈ ನೋಡಿಕೊಳ್ಳುತ್ತಿದ್ದರು.

"ಪ್ರಶ್ನೆ ಕೇಳಿದವರು ನಿಮ್ಮತ್ತೆ ಅಂತ ಹೇಳೇ ಇಲ್ವಲ್ಲ" ಅಂದರು ನಿರ್ದೇಶಕರು, ಸಭೆ ಮುಗಿದ ಮೇಲೆ ಕಾರಿಡಾರಿನಲ್ಲಿ.

"ಕೇಳಿರಲಿಲ್ಲ ಸರ್."

ತಿಂಗಳಾದ ಮೇಲೆ ಸಮಿತಿ ತೀರ್ಪು ಕೊಟ್ಟಿತು. ತೀರಾ ಕಡಿಮೆ ಬಳಸುವ ಮನೆಗಳಿಗೆ ಸ್ಥಿರ ಶುಲ್ಕದಲ್ಲಿ ವಿನಾಯಿತಿ, ಉಳಿದವರಿಗೆ ಏರಿಕೆ ನಾಲ್ಕು ವರ್ಷಕ್ಕೆ ಹಂಚಿಕೆ. ಹೊಲಿಗೆಯಾಕೆಯ ಬಿಲ್ಲು ಮೊದಲಿನಷ್ಟೇ ಉಳಿಯಿತು. ಅವಳು ಬಂದು ತನ್ನ ಬಾಟ್ಲಿ ವಾಪಸು ತೆಗೆದುಕೊಂಡು ಹೋದಳು. ಆದರೆ ಆದಾಯ ಕಡಿಮೆಯಾದದ್ದಕ್ಕೆ ಕೊಳವೆ ಬದಲಿಸುವ ಪಟ್ಟಿಯನ್ನೂ ಮೊಟಕು ಮಾಡಬೇಕಾಯಿತು. ಆಸ್ಪತ್ರೆ ರಸ್ತೆ ಪಟ್ಟಿಯಲ್ಲಿ ಉಳಿಯಿತು. ಎರಡು ಬಡಾವಣೆಗಳು ಆರು ವರ್ಷ ಮುಂದಕ್ಕೆ ಹೋದವು. ಅದರಲ್ಲೊಂದು ಅತ್ತೆ-ಸೊಸೆ ಇರುವ ಬಡಾವಣೆಯೇ. ಆ ಎರಡು ಹೆಸರುಗಳಿಗೆ ಗೀಟು ಎಳೆದ ಕೈಯೂ ಸೊಸೆಯದೇ. ಹಾಳೆಯಲ್ಲಿ ಬೇರೆ ಯಾವ ಬಡಾವಣೆಯನ್ನು ತೆಗೆದರೂ ಅಲ್ಲಿ ಇದಕ್ಕಿಂತ ಹಳೆಯ ಕೊಳವೆ ಇತ್ತು.

ಈ ಸಲ ಮುಚ್ಚಿಡಲಿಲ್ಲ. ಅದೇ ದಿನ ಬಂದು ಹೇಳಿದಳು. ಅತ್ತೆ, "ನಾನು ಕೇಳಿದ್ದಕ್ಕೆ ಹೀಗಾಯ್ತಾ?" ಅಂದರು.

"ಅದೂ ಒಂದು ಕಾರಣ."

"ದೊಡ್ಡ ಕಾರಣಾನಾ?"

ಸೊಸೆ ಹೌದು ಅಂದಳು. ಅತ್ತೆ ಮೊದಲ ಬಾರಿಗೆ ನಕ್ಕರು, ಆದರೆ ಅದು ನಗುವ ನಗುವಲ್ಲ. "ಈಗ ಗೊತ್ತಾಯ್ತು ಬಿಡು, ಆ ಆರು ವಾರ ನೀನು ಯಾಕೆ ಸರಿಯಾಗಿ ಉಣ್ಣಲಿಲ್ಲ ಅಂತ."

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಸಭೆಯ ಸುದ್ದಿ ಓದಿದ ದರ ಸಮಿತಿಯವರು ಗ್ರಾಹಕರ ಪರವಾಗಿ ಒಬ್ಬ ಸದಸ್ಯರನ್ನು ಸೇರಿಸಿಕೊಳ್ಳಲು ಹೊರಟು, ಅತ್ತೆಗೇ ಪತ್ರ ಬರೆದರು. ಬೀದಿಯವರು ಕುಣಿದಾಡಿದರು. ಕ್ಷೌರಿಕನಂತೂ ಮೊದಲೇ ಅಭಿನಂದಿಸಿಬಿಟ್ಟ. ಪತ್ರದ ಜೊತೆ ಎರಡು ಪ್ರತಿಜ್ಞಾ ಪತ್ರಗಳಿದ್ದವು, ಅತ್ತೆಗೊಂದು, ಸೊಸೆಗೊಂದು. ಒಂದೇ ಮನೆಯಲ್ಲಿ ವಾಸವಿದ್ದರೂ ನೀರಿನ ದರ, ಕೊಳವೆ, ಮಂಡಳಿಯ ಯಾವ ಕೆಲಸದ ಬಗ್ಗೆಯೂ ಪರಸ್ಪರ ಮಾತಾಡುವಂತಿಲ್ಲ.

ಸೊಸೆ ಬೇರೆ ವಿಭಾಗಕ್ಕೆ ವರ್ಗ ಕೇಳಿದಳು. ನಿರ್ದೇಶಕರು ಅರ್ಜಿಯನ್ನು ಅವಳ ಕಡೆಗೇ ತಳ್ಳಿದರು. "ಆ ಹಾಳೆ ನಿನ್ನ ಬಿಟ್ರೆ ಇನ್ಯಾರಿಗೂ ಅರ್ಥ ಆಗಲ್ಲ. ಮುಂದಿನ ಪರಿಷ್ಕರಣೆ ಶುರು ಮಾಡು."

"ನಾನು ಬೇಡ ಅಂತ ಬರೆದುಬಿಡ್ತೀನಿ" ಅಂದರು ಅತ್ತೆ.

"ನೀವು ಬೇಡ ಅಂದ್ರೆ ಅಲ್ಲಿ ಹೊಲಿಗೆಯಾಕೆ ಪರವಾಗಿ ಯಾರು ಕೂರ್ತಾರೆ ಅತ್ತೆ?"

ಇಬ್ಬರೂ ಊಟದ ಮೇಜಿನ ಮೇಲೆ ಸಹಿ ಹಾಕಿದರು. ಗಂಡ ಸಾಕ್ಷಿಯ ಜಾಗದಲ್ಲಿ ಹೆಸರು ಬರೆದು, "ಇನ್ಮೇಲೆ ಮನೇಲಿ ನೀರು ಕೇಳ್ಬೇಕಾದ್ರೂ ವಕೀಲರನ್ನ ಕರ್ಕೊಂಡು ಬರ್ಬೇಕೇನೋ" ಅಂದ.

ಮರುವಾರ ಒಂದು ಬೆಳಿಗ್ಗೆ ಅಡುಗೆಮನೆಯ ನಲ್ಲಿ ಎರಡು ಸಲ ಕೆಮ್ಮಿ, ತುಕ್ಕಿನ ಬಣ್ಣದ ನೀರು ಸುರಿಸಿತು. ಬೀದಿಯಡಿ ಹಳೆಯ ಕೊಳವೆ ಎಲ್ಲೋ ಬಾಯಿ ಬಿಟ್ಟಿತ್ತು. ಅತ್ತೆ ಸೊಸೆಯ ಕಡೆ ತಿರುಗಿ ಏನೋ ಕೇಳಲು ಹೋಗಿ ತಡೆದುಕೊಂಡರು. ಸೊಸೆಯ ತುದಿನಾಲಿಗೆಗೆ ಬಂದದ್ದೂ ಅಲ್ಲೇ ಉಳಿಯಿತು. ಅವಳು ನಲ್ಲಿಯ ಕೆಳಗೆ ಬಕೆಟ್ ಇಟ್ಟಳು. ಅದು ತುಂಬಿದಾಗ ಅತ್ತೆ ಇನ್ನೊಂದನ್ನು ತಂದು ಸರಿಸಿದರು. ನೀರು ತಿಳಿಯಾಗುವುದನ್ನು ಕಾಯುತ್ತ ಇಬ್ಬರೂ ಅಕ್ಕಪಕ್ಕ ನಿಂತರು.