ಫರ್ನೇಸಿನ ಕಿಂಡಿ

ಕಿಂಡಿ ಕಪ್ಪಗಿದೆ, ಮನೆ ಬೆಚ್ಚಗಿಡುವ ಫರ್ನೇಸಿಗೆ ಅಂಗೈಯಗಲದ ಗಾಜು, ಅದರ ಹಿಂದೆ ಉರಿಯಿಲ್ಲ, ಫ್ಯಾನಿನ ಗೊರಗೊರ ಇಲ್ಲ, ಈ ಮನೆ ಇಷ್ಟು ಸುಮ್ಮನಿದ್ದದ್ದು ನನಗೆ ನೆನಪೇ ಇಲ್ಲ, ನೆಲಮಾಳಿಗೆಯಲ್ಲಿ ಅಣ್ಣನ ಬಕೆಟ್ಟನ್ನು ಬೋರಲು ಹಾಕಿಕೊಂಡು ಕೂತಿದ್ದೇನೆ, ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನಿಗೆ ಕಾಯಲು ಒಯ್ಯುತ್ತಿದ್ದ ಬಕೆಟ್ಟು, ಸ್ವಂತ ಮನೆಯೊಳಗೆ ಕೋಟು, ಟೋಪಿ, ಕೈಗವಸು, ಬಾಯಿಂದ ಹೊಗೆ — ಹೊರಗೆ ಮೈನಸ್ ಮೂವತ್ತಂತೆ, ರೇಡಿಯೋದವನಿಗೆ ಅದನ್ನು ಹೇಳುವಾಗ ಏನು ಖುಷಿಯೋ. ಗ್ಯಾಸಿನ ಕೊಳವೆಗೆ ತಂತಿಯಲ್ಲಿ ಕೆಂಪು ಚೀಟಿ ಕಟ್ಟಿ ಹೋಗಿದ್ದಾನೆ ಟ್ರೆಂಟ್, ಇದನ್ನ ಹಚ್ಚಬೇಡಿ ಆರ್ಡಿಸ್ ಆಂಟಿ, ಯಾರು ಹೇಳಿದ್ರೂ ಹಚ್ಚಬೇಡಿ, ಎಂದ ನಿನ್ನೆ, ಶಾಲೆಯ ಅಡುಗೆಮನೆಯಲ್ಲಿ ನಾನು ಬಡಿಸಿದ ಅನ್ನ ತಿಂದು ಬೆಳೆದವನು, ಈಗ ಮೂರು ಮಕ್ಕಳ ಅಪ್ಪ, ಊರಿನ ಅರ್ಧ ಫರ್ನೇಸುಗಳು ಅವನ ಕೈಯಲ್ಲೇ. ಈಗ ಮೇಲೆ ವ್ಯಾನಿನಲ್ಲಿ ಕೂತು ಲೆಕ್ಕ ಹಾಕುತ್ತಿದ್ದಾನೆ, ರಿಪೇರಿಗಿಷ್ಟು, ಹೊಸದಕ್ಕಿಷ್ಟು, ಬಂದು ಕೇಳುತ್ತಾನೆ, ನಾನು ಹೇಳಬೇಕು. ಮಧ್ಯಾಹ್ನದೊಳಗೆ ಶೆರಿಲ್ ಕೂಡ ಫೋನ್ ಮಾಡುತ್ತಾಳೆ, ವೃದ್ಧಾಶ್ರಮದವಳು, ಅಣ್ಣನನ್ನು ಕಳಿಸುವುದೋ ಬೇಡವೋ ಅಂತ ಅವಳಿಗೂ ನಾನೇ ಹೇಳಬೇಕು. ಎಲ್ಲರಿಗೂ ನಾನೇ. ಸಾಕಾಗಿದೆ ನನಗೆ.

ಇಪ್ಪತ್ತಾರು ವರ್ಷದ ಫರ್ನೇಸು, ಅಣ್ಣ ಗಣಿಯ ಬಾಯ್ಲರ್ ಕೆಲಸದಲ್ಲಿದ್ದಾಗ ತಾನೇ ನಿಂತು ಕೂರಿಸಿದ್ದು, ಅವನು ಮದುವೆಯಾಗಲಿಲ್ಲ, ನಾನು ಮದುವೆಯಾಗಿ ವಾಪಸು ಬಂದೆ, ಹೀಗೆ ಈ ಮನೆ, ನಾವಿಬ್ಬರು, ಇದು ಮೂರನೆಯದು. ಮೊದಲು ಉರಿ ಹೊತ್ತಿಸುವ ಕಡ್ಡಿ ಹೋಯಿತು, ನೂರು ಚಿಲ್ಲರೆ ಡಾಲರ್, ಏನು ಮಹಾ, ಆಮೇಲೆ ಫ್ಯಾನಿನ ಮೋಟಾರು, ಅದು ಮಹಾ, ಹೋದ ವರ್ಷ ಯಾವುದೋ ಬೋರ್ಡು, ಪ್ರತಿಸಲ ಅಣ್ಣನದು ಒಂದೇ ಮಾತು, ಇನ್ನೊಂದು ಚಳಿಗಾಲ ತಳ್ಳುತ್ತೆ ಬಿಡೇ, ನಮ್ಮಿಬ್ಬರಿಗಿಂತ ಗಟ್ಟಿ ಇದೆ. ಟ್ರೆಂಟ್ ಆಗಲೇ ಹೇಳಿದ್ದ, ಹದಿನೈದು ವರ್ಷ ದಾಟಿದ ಮೇಲೆ ರಿಪೇರಿ ಖರ್ಚು ಹೊಸದರ ಅರ್ಧಕ್ಕೆ ಬಂತು ಅಂದ್ರೆ ಆಸೆ ಬಿಟ್ಬಿಡಬೇಕು ಆಂಟಿ, ಅಷ್ಟೇ. ಅಣ್ಣ ಆಗ ನಕ್ಕು, ಹಾಗಾದ್ರೆ ನನ್ನ ಮಂಡಿ ಆಪರೇಷನ್ ಆದಾಗ್ಲೇ ನನ್ನ ಬಿಸಾಕ್ಬೇಕಿತ್ತು ನೋಡು, ಎಂದಿದ್ದ. ಹಾಗೆ ನಗುತ್ತಿದ್ದವನು ಈ ಅಕ್ಟೋಬರಿನಿಂದ ಬೇರೆಯೇ ಮನುಷ್ಯ, ಬಿಸಿಗಾಳಿ ಬರುವ ಜಾಲರಿಯ ಪಕ್ಕದ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ, ತಲೆನೋವು, ಕ್ರಿಬೇಜ್ ಆಡಲು ಕೂತರೆ ಇಸ್ಪೀಟೆಲೆ ಎಣಿಸಲು ಬರದು, ನನ್ನನ್ನು ಅಮ್ಮಾ ಎಂದು ಕರೆದ ಒಂದು ಸಲ, ಆಮೇಲೆ ಹಲವು ಸಲ, ನಾನು ಹೂಂಗುಟ್ಟಿದೆ, ಏನು ಮಾಡಲಿ. ಕುರ್ಚಿಯನ್ನು ಅಲ್ಲಿಟ್ಟವಳು ನಾನೇ, ಬೆಚ್ಚಗಿರಲಿ ಅಂತ. ಮತ್ತೆ ಮತ್ತೆ ಕೆಳಗಿಳಿದು ಇದೇ ಬಕೆಟ್ಟಿನ ಮೇಲೆ ಕೂತು ಈ ಕಿಂಡಿಯನ್ನೇ ನೋಡುತ್ತಿದ್ದ, ಬಾಗುತ್ತೆ ಕಣೇ ಆರ್ಡಿ, ಬಾಗುತ್ತೆ, ನೋಡಿಲ್ಲಿ, ನಾನು ಮೆಟ್ಟಿಲ ಮೇಲೆಯೇ ನಿಂತು, ಹೂಂ ಅಣ್ಣ, ಬಾಗುತ್ತೆ, ಸೂಪು ಆರಿಹೋಗ್ತಿದೆ ಬಾ. ಬೇಡ, ಅದನ್ನು ಈಗ ನೆನೆಯುವುದು ಬೇಡ.

ಡಾಕ್ಟರು ಹೇಳಿದ್ದು ವಯಸ್ಸು, ಮರೆವು ಶುರುವಾಗಿದೆ, ಇನ್ನು ಜಾಸ್ತಿಯೇ ಆಗುತ್ತೆ, ನೀವೊಬ್ಬರೇ ನೋಡಿಕೊಳ್ಳಲಿಕ್ಕೆ ಆಗಲ್ಲ ಎಂದು, ನಾನೂ ಒಪ್ಪಿದೆ, ಒಪ್ಪಲು ಬಹಳ ಹೊತ್ತು ಬೇಕಾಗಲಿಲ್ಲ, ನಿಜ ಹೇಳಬೇಕೆಂದರೆ ಶೆರಿಲ್ ಹಾಸಿಗೆ ಖಾಲಿಯಾಗ್ತಿದೆ ಅಂದ ದಿನ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು. ಅವನ ಅಂಗಿಗಳ ಕಾಲರಿಗೆಲ್ಲ ಲೈಲ್ ಎಂದು ಹೆಸರು ಹೊಲಿದಿಟ್ಟೆ, ಅಲ್ಲಿ ಬಟ್ಟೆ ಅದಲುಬದಲಾಗುತ್ತವಂತೆ, ಹೆಸರಿರಬೇಕಂತೆ, ಚೌಕದ ಫ್ಲಾನೆಲ್ ಅಂಗಿಗೂ, ಕೆರೆಗೆ ಹಾಕಿಕೊಂಡು ಹೋಗುವ ದಪ್ಪ ಬನಿಯನಿಗೂ — ವೃದ್ಧಾಶ್ರಮದಲ್ಲಿ ಯಾವ ಕೆರೆ. ತಲೆನೋವು ನನಗೂ ಬರುತ್ತಿತ್ತು, ಶನಿವಾರ ಭಾನುವಾರ, ಸೋಮವಾರ ಶಾಲೆಗೆ ಹೋಗಿ ಆಲೂಗಡ್ಡೆ ಹೆಚ್ಚಲು ಕೂತರೆ ಮಾಯ, ಮನೆಯಲ್ಲಿ ಅಣ್ಣನ ಜೊತೆ ಇಡೀ ದಿನ ಇದ್ದರೆ ಯಾರಿಗೆ ತಲೆ ನೋಯಲ್ಲ ಎಂದುಕೊಂಡೆ, ಎಂಥ ಮಾತು. ಗೋಡೆಯ ಮೇಲಿದ್ದ ವಿಷಗಾಳಿಯ ಅಲಾರಂ ಹಳೆಯದಾಗಿ ಸುಮ್ಮಸುಮ್ಮನೆ ಕಿರುಗುಟ್ಟುತ್ತಿತ್ತು, ಅಣ್ಣ ಕಿತ್ತು ಡ್ರಾಯರಿಗೆ ಹಾಕಿದ್ದ. ಪಕ್ಕದ ಮನೆಯ ಗಾರ್ಡಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮಾಂಸ ತುಂಬಿದ ಪಾಸ್ಟಿ ಕಡುಬು ಕೊಡಲು ಬಂದವನು ಜೇಬಿನಿಂದ ಹೊಸದೊಂದು ತೆಗೆದ, ಜೋಡಿ ಕೊಂಡ್ಕೊಂಡೆ, ಒಂದು ಮಿಕ್ಕಿದೆ, ಹಾಕ್ಲಾ ಲೈಲ್, ಅಯ್ಯೋ ಬೇಡಪ್ಪ, ನಿನಗ್ಯಾಕೆ ತೊಂದ್ರೆ, ಎಂದ ಅಣ್ಣ, ತೊಂದ್ರೆ ಏನಿಲ್ಲಯ್ಯ, ಒಂದು ಮೊಳೆ ಅಷ್ಟೇ, ಇರ್ಲಿ ಬಿಡು, ನಾವು ಚೆನ್ನಾಗೇ ಇದೀವಿ. ಎರಡು ಬೇಡ ಆಯಿತು. ನಾನು ಹಿಂದೆ ನಿಂತು ಕೈ ಒರೆಸಿಕೊಂಡು ಕಾದೆ, ನಮ್ಮ ಊರಲ್ಲಿ ಎರಡು ಸಲ ಬೇಡ ಅನ್ನುವುದು ಮರ್ಯಾದೆ, ಮೂರನೇ ಸಲ ಕೇಳಿದರೆ, ಸರಿ ನಿನ್ನಿಷ್ಟ, ಎಂದು ತೆಗೆದುಕೊಳ್ಳುವುದು, ಕಾಫಿಗೂ ಅಷ್ಟೇ, ಕೇಕಿನ ಕೊನೆಯ ತುಂಡಿಗೂ ಅಷ್ಟೇ, ಮೊದಲ ಸಲಕ್ಕೇ ಕೈ ಚಾಚಿದವನನ್ನು ನೋಡಿ ನಾವು ಇವನು ಎಲ್ಲಿಯವನಪ್ಪ ಅಂದುಕೊಳ್ಳುತ್ತೇವೆ. ಗಾರ್ಡಿ ಬಾಯಿ ತೆರೆದ, ಅಷ್ಟರಲ್ಲಿ ಅವನ ಹೆಂಡತಿ ಅಂಗಳದಿಂದ ಕೂಗಿದಳು, ಕಾರು ಬಿಸಿಯಾಯ್ತು ಬರ್ತೀಯೋ ಇಲ್ವೋ, ಅವನು ಅದನ್ನು ಜೇಬಿಗೆ ಹಾಕಿಕೊಂಡು ಹೋದ. ನಾನು ಕರೆಯಬಹುದಿತ್ತು, ನಾವು ಹಾಗೆ ಕರೆಯುವವರಲ್ಲ.

ನಿನ್ನೆ ಫರ್ನೇಸು ತಾನಾಗೇ ನಿಂತುಬಿಟ್ಟಿತು, ಪುಣ್ಯಕ್ಕೆ ನಿಂತಿತು, ಟ್ರೆಂಟ್ ಬಂದ, ಅಣ್ಣ ಮೆಟ್ಟಿಲ ತುದಿಯಲ್ಲಿ ಗೋಡೆ ಹಿಡಿದು ನಿಂತು ಅವನಿಗೂ ಅದೇ, ಬಾಗುತ್ತೆ ಕಣಪ್ಪ, ಬಾಗುತ್ತೆ, ನನಗೆ ನಾಚಿಕೆಯಾಗಿ, ಅವನ ಮಾತಿಗೆ ಏನೂ ಅಂದ್ಕೋಬೇಡ ಟ್ರೆಂಟ್, ಈಗೀಗ ಹಾಗೇ ಏನಾದ್ರೂ ಅಂತಿರ್ತಾನೆ, ಎಂದುಬಿಟ್ಟೆ. ಟ್ರೆಂಟ್ ಇಳಿದು ಉರಿ ಹಚ್ಚಿದ, ಕಿಂಡಿಯ ಮುಂದೆ ಮಂಡಿಯೂರಿದ, ನಾನು ಅವನ ಭುಜದ ಮೇಲಿಂದ ನೋಡಿದೆ, ನೀಲಿ ಉರಿಗಳು ಸಾಲಾಗಿ ನೆಟ್ಟಗೆ ನಿಂತಿದ್ದವು, ಫ್ಯಾನು ಶುರುವಾಯಿತು — ಒಂದು ಉರಿ ಯಾರೋ ಊದಿದ ಹಾಗೆ ಪಕ್ಕಕ್ಕೆ ಬಾಗಿತು, ತುದಿ ಹಳದಿಯಾಯಿತು. ಟ್ರೆಂಟ್ ಕೈಯಲ್ಲಿದ್ದ ವಿಷಗಾಳಿ ಅಳೆಯುವ ಮೀಟರು ಬಡಕೊಳ್ಳತೊಡಗಿತು, ಗ್ಯಾಸು ಮುಚ್ಚಿದ, ಓಡಿ ಕಿಟಕಿ ತೆರೆದ, ಹೊರಗೆ ನಡೀರಿ ಆಂಟಿ, ಇಬ್ರೂ, ಕೋಟು ಆಮೇಲೆ. ಅಂಗಳದ ಹಿಮದಲ್ಲಿ ನಿಂತು ಹೇಳಿದ, ಉರಿಗೂ ಮನೆ ಗಾಳಿಗೂ ಮಧ್ಯೆ ಇರೋ ತಗಡು ಬಿರುಕು ಬಿಟ್ಟಿದೆ, ಫ್ಯಾನಿನ ಗಾಳಿ ಒಳಗೆ ನುಗ್ಗಿ ಉರೀನ ತಳ್ಳುತ್ತೆ, ಆ ಉರಿಯ ವಿಷ ನಿಮ್ಮ ಮನೆಗೆ ಬರುತ್ತೆ, ಎಷ್ಟು ದಿನದಿಂದ ಬಾಗ್ತಿತ್ತು ಆಂಟಿ, ಯಾರೂ ನೋಡ್ಲಿಲ್ವಾ. ರಾತ್ರಿ ಆಸ್ಪತ್ರೆಯಲ್ಲಿ ಅಣ್ಣನ ಮೂಗಿಗೆ ಆಮ್ಲಜನಕ, ವಿಷಗಾಳಿಯಿಂದ ಹೋದ ನೆನಪು ಎಷ್ಟು ವಾಪಸು ಬರುತ್ತೆ ಎಷ್ಟು ಬರಲ್ಲ ನೋಡ್ಬೇಕು ಎಂದಳು ಡಾಕ್ಟರಮ್ಮ, ಬೆಳಿಗ್ಗೆ ಗಾರ್ಡಿಯ ಮನೆಯಲ್ಲಿ ಬಿಟ್ಟು ಬಂದೆ, ಈಗಷ್ಟೇ ಗಾರ್ಡಿ ಫೋನ್ ಮಾಡಿದ್ದ, ನಿಮ್ಮಣ್ಣ ಕ್ರಿಬೇಜಲ್ಲಿ ನನ್ನ ಸೋಲಿಸ್ಬಿಟ್ಟ ಕಣಮ್ಮ, ನಾನು ಎರಡು ಪಾಯಿಂಟ್ ಕದ್ದಿದ್ದೂ ಹಿಡಿದ, ಎಂದ. ನಾಳೆ ಮತ್ತೆ ಮರೆಯಬಹುದು, ಮತ್ತೆ ಅಮ್ಮಾ ಅನ್ನಬಹುದು, ಯಾರು ಬಲ್ಲರು.

ಫೋನು. ಶೆರಿಲ್. ಹಾಸಿಗೆ ಇಟ್ಕೊಂಡಿದೀನಿ ಆರ್ಡಿಸ್, ಸೋಮವಾರ ಕರ್ಕೊಂಡು ಬರ್ತೀರಲ್ವಾ, ಬೇಡ ಎಂದೆ, ನೀವು ಬಹಳ ದಣಿದಿದೀರಿ, ನಿಮ್ಮ ದನೀಲೇ ಗೊತ್ತಾಗುತ್ತೆ, ಕರ್ಕೊಂಡು ಬನ್ನಿ, ಹೌದು ಶೆರಿಲ್, ದಣಿದಿದೀನಿ, ಆದ್ರೆ ಬೇಡ. ಅವಳೂ ನಮ್ಮೂರವಳೇ, ಮೂರನೆಯದು ಬರುತ್ತದೆ, ಅದು ಬಂದರೆ ನನ್ನ ನಾಲಿಗೆ ತಾನಾಗೇ ಸರಿ ನಿಮ್ಮಿಷ್ಟ ಅನ್ನುತ್ತದೆ, ಅರವತ್ತೆರಡು ವರ್ಷ ಅಂದ ನಾಲಿಗೆ, ಮನೆ ಖಾಲಿಯಾಗುತ್ತದೆ, ನಿದ್ದೆ ಬರುತ್ತದೆ, ಈಗಲಾದ್ರೂ ಹೂಂ ಅನ್ನಿ ಆರ್ಡಿಸ್, ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು, ಎಂದಳು — ಬೇಡ. ಮೂರು ಸಲ ಬೇಡ ಅಂದೆ ನಾನು, ಅವಳು ಫೋನಿಟ್ಟಳು. ಟ್ರೆಂಟ್ ಮೆಟ್ಟಿಲಿಳಿದು ಬಂದು ಬೂಟಿನ ಹಿಮ ಒದರುತ್ತಿದ್ದಾನೆ, ಬರೀ ಆ ತಗಡು ಬದಲಾಯಿಸಿದ್ರೂ ಹೊಸದರ ಅರ್ಧಕ್ಕಿಂತ ಮೇಲಾಗುತ್ತೆ ಆಂಟಿ, ಹೊಸದೇ ಹಾಕು, ಎಂದೆ, ವೃದ್ಧಾಶ್ರಮಕ್ಕೆ ಎತ್ತಿಟ್ಟದ್ದರಲ್ಲಿ ಕೊಡ್ತೀನಿ, ಹಾಗಾದ್ರೆ ಈ ಹಳೇದನ್ನ ನಾಳೆ ಎತ್ಕೊಂಡು ಹೋಗ್ತೀನಿ, ಎಂದು ತಗಡಿನ ಮೈಗೆ ಮೆಲ್ಲಗೆ ಬಡಿದ. ಹೂಂ ಎತ್ಕೊಂಡು ಹೋಗು, ಎನ್ನುತ್ತೇನೆ, ಬಕೆಟ್ಟಿನಿಂದ ಏಳಬೇಕು, ಗಾರ್ಡಿಯ ಮನೆಗೆ ಹೋಗಬೇಕು, ಅಂಗಿಗಳಿಂದ ಹೆಸರು ಬಿಚ್ಚಬೇಕು, ಏಳಲಾಗುವುದಿಲ್ಲ, ಕಿಂಡಿ ಕಪ್ಪಗಿದೆ, ಆದರೂ ಅಲ್ಲಿ ನೀಲಿ ಉರಿ ನೆಟ್ಟಗೆ ನಿಂತಿದೆ, ಅಣ್ಣ ಇಲ್ಲೇ ಕೂತು ಗಾಜಿಗೆ ಬೆರಳಿಟ್ಟಿದ್ದಾನೆ, ಫ್ಯಾನು ಶುರುವಾಗುತ್ತದೆ, ಉರಿ ಬಾಗುತ್ತದೆ, ಬಾಗುತ್ತೆ ಕಣೇ ಆರ್ಡಿ, ಹೂಂ ಅಣ್ಣ, ಬಾಗುತ್ತೆ, ಸೂಪು ಆರಿಹೋಗ್ತಿದೆ ಬಾ, ಫ್ಯಾನು ಶುರುವಾಗುತ್ತದೆ, ಉರಿ ಬಾಗುತ್ತದೆ, ನೋಡಿಲ್ಲಿ, ಹೂಂ ಅಣ್ಣ, ಉರಿ ಬಾಗುತ್ತದೆ